ಹೈಸ್ಕೂಲು ಮಕ್ಕಳಿಗೆ ಬರವಣಿಗೆ ಕಮ್ಮಟ ಮಾಡುತ್ತಿದ್ದೇವೆ, ಕಥೆ ಕೇಳಿದರೆ ಎಲ್ಲರೂ ಪ್ರಬಂಧ ಕೊಡುತ್ತಾರೆ!

ಅರ್ಧವಿರಾಮ

ಎಲ್ಲರಿಗೂ ನಮಸ್ಕಾರ. ನಾವು ಕಾಲೇಜಿನ ಐದಾರು ಜನ ಸೇರಿ ಶನಿವಾರ ಮಧ್ಯಾಹ್ನ ಒಂದು ಹಳ್ಳಿ ಹೈಸ್ಕೂಲಿನಲ್ಲಿ ಕಥೆ-ಕವಿತೆ ಕಮ್ಮಟ ನಡೆಸುತ್ತಿದ್ದೇವೆ. ಎಂಟರಿಂದ ಹತ್ತನೇ ತರಗತಿಯವರು. ತುಂಬಾ ಚುರುಕು ಮಕ್ಕಳು. ಬಿಡುವಿನಲ್ಲಿ ಅವರು ಒಬ್ಬರನ್ನೊಬ್ಬರು ಅಣಕಿಸುವುದನ್ನು ಕೇಳಿದರೆ ಹೊಟ್ಟೆ ಹುಣ್ಣಾಗುವಷ್ಟು ನಗು ಬರುತ್ತದೆ. ಕೈಗೆ ಹಾಳೆ ಕೊಟ್ಟ ಕೂಡಲೇ ಬೇರೆಯವರೇ ಆಗಿಬಿಡುತ್ತಾರೆ.

ಮಳೆ ಬಗ್ಗೆ ಬರೆಯಿರಿ ಅಂದೆವು. ಬಂದದ್ದು: "ಮಳೆಯು ಪ್ರಕೃತಿಯ ವರದಾನ. ಮಳೆಯಿಂದ ರೈತರಿಗೆ ಅನುಕೂಲ. ಆದ್ದರಿಂದ ನಾವೆಲ್ಲರೂ ಮರಗಳನ್ನು ಬೆಳೆಸೋಣ." ಹೆಚ್ಚುಕಡಿಮೆ ಎಲ್ಲರದ್ದೂ ಇದೇ. ಒಬ್ಬ ಹುಡುಗಿ ಬರೆದು ಮುಗಿಸಿ "ಎಷ್ಟು ಮಾರ್ಕ್ಸಿಗೆ ಅಕ್ಕ?" ಅಂತ ಕೇಳಿದಳು.

ನಮ್ಮ ತಂಡದಲ್ಲೇ ಜಗಳ. ಒಬ್ಬಳು "ಮೊದಲು ಪಾತ್ರ, ಸಂಭಾಷಣೆ, ತಿರುವು ಎಲ್ಲ ಹೇಳಿಕೊಡೋಣ" ಅನ್ನುತ್ತಾಳೆ. ಇನ್ನೊಬ್ಬ "ಏನೂ ಹೇಳಬೇಡ, ಸುಮ್ನೆ ಬರೆಯಲು ಬಿಡು" ಅನ್ನುತ್ತಾನೆ. ಇದರ ನಡುವೆ ಮುಖ್ಯೋಪಾಧ್ಯಾಯರು ಕೊನೆಗೆ ಒಂದು ಪುಸ್ತಿಕೆ ಆಗಲೇಬೇಕು, ಮಕ್ಕಳು ವೇದಿಕೆ ಮೇಲೆ ಓದಬೇಕು ಅಂದಿದ್ದಾರೆ. ಇಂಥದ್ದು ಮಾಡಿದವರು, ಇಲ್ಲವೇ ಇಂಥದ್ದರಲ್ಲಿ ವಿದ್ಯಾರ್ಥಿಯಾಗಿ ಕೂತವರು ಇದ್ದರೆ ದಯವಿಟ್ಟು ಹೇಳಿ.

ಒಂದು ಸಾಲು

ಮಳೆ ಬಗ್ಗೆ ಬರೆಯಿರಿ ಅಂದರೆ ನಾನೂ ಅದನ್ನೇ ಬರೆಯುತ್ತೇನೆ.

ಹಳೇ ಮೇಷ್ಟ್ರು

ಮಕ್ಕಳನ್ನು ಬಯ್ಯಬೇಡಿ, ಶಾಲೆಯನ್ನೂ ಪೂರ್ತಿ ಬಯ್ಯಬೇಡಿ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಅಂತ ಮೂರು ಭಾಗ ಮಾಡಿ ಬರೆದವರಿಗೆ ಅಂಕ ಬೀಳುತ್ತದೆ. ನಾನು ವರ್ಷಾನುಗಟ್ಟಲೆ ಹಾಗೇ ಕಲಿಸಿದವನು. ಆ ಮಕ್ಕಳು ಪಾಸಾಗಿ ಮುಂದೆ ಹೋಗಿದ್ದಾರೆ, ನನಗೆ ಅದರ ಬಗ್ಗೆ ನಾಚಿಕೆ ಇಲ್ಲ. ನೀವು ವಾರಕ್ಕೊಮ್ಮೆ ಬರುವವರು. ಅವರಿಗೆ ಉಳಿದ ಐದು ದಿನವೂ ಪರೀಕ್ಷೆಯ ಭಾಷೆ ಬೇಕು. ಕೈಗೆ ಹಾಳೆ ಬಂದರೆ ಅದೇ ಹೊರಬರುತ್ತದೆ. ಇದರಲ್ಲಿ ಆಶ್ಚರ್ಯ ಏನಿದೆ?

ಮೊದಲ ಬೆಂಚು

ನಾವು ಕಾಲೇಜಿನಲ್ಲಿದ್ದಾಗ ಇಂಥದ್ದೇ ಮಾಡಿದ್ದೆವು. "ಮಳೆ", "ತಾಯಿ", "ನನ್ನ ಊರು", ಇವೆಲ್ಲ ಪರೀಕ್ಷೆಯ ವಾಸನೆ ಹೊಡೆಯುವ ವಿಷಯಗಳು. ಅದರ ಬದಲು ಒಮ್ಮೆ ಹೀಗೆ ಕೇಳಿದೆವು: ನಿನಗೆ ಚೆನ್ನಾಗಿ ಗೊತ್ತಿರುವ, ನಮಗೆ ಗೊತ್ತಿಲ್ಲದ ಒಂದು ಕೆಲಸವನ್ನು ನಮಗೆ ಕಲಿಸು.

ಒಂಬತ್ತನೇ ತರಗತಿಯ ಹುಡುಗನೊಬ್ಬ "ಕತ್ತಲಲ್ಲಿ ಕೋಳಿ ಹಿಡಿಯುವುದು" ಅಂತ ಅರ್ಧ ಪುಟ ಬರೆದ. ಟಾರ್ಚ್ ಬಿಡಬಾರದಂತೆ. ಮಾತಾಡಬಾರದಂತೆ. ಕಾಲಿಗೆ ಕೈ ಹಾಕಿದರೆ ಕಿರುಚಿ ಪಕ್ಕದವುಗಳನ್ನೆಲ್ಲ ಎಬ್ಬಿಸುತ್ತದೆ, ಅದಕ್ಕೇ ಬೆನ್ನ ಮೇಲಿಂದ ಎರಡೂ ರೆಕ್ಕೆ ಸೇರಿಸಿ ಅಮುಕಿ ಹಿಡಿಯಬೇಕಂತೆ. ಕೊನೆಗೆ ಬರೆದಿದ್ದ: "ಹಿಡಿದ ಮೇಲೆ ಅದರ ಎದೆ ಬಡಿಯುವುದು ಕೈಗೆ ಗೊತ್ತಾಗುತ್ತದೆ. ಬಿಟ್ಟುಬಿಡೋಣ ಅನಿಸುತ್ತದೆ. ಬಿಡಬಾರದು."

ಇದನ್ನು ಯಾವ ಪೀಠಿಕೆ ಬರೆಸುತ್ತದೆ ಹೇಳಿ ಮೇಷ್ಟ್ರೇ.

ಹಳೇ ಮೇಷ್ಟ್ರು

ಚೆನ್ನಾಗಿದೆ, ಒಪ್ಪಿದೆ. ಆದರೆ ಇದಕ್ಕೆ ಪರೀಕ್ಷೆಯಲ್ಲಿ ಎಷ್ಟು ಕೊಡುತ್ತಾರೆ ಅಂತ ಆ ಹುಡುಗ ಕೇಳಿದರೆ ಏನು ಹೇಳುತ್ತೀರಿ?

ಮೊದಲ ಬೆಂಚು

ಕೇಳಿದ ಮೇಷ್ಟ್ರೇ! ಪರೀಕ್ಷೆಗೆ ಯೂನಿಫಾರಂ ಹಾಕಿಕೊಂಡು ಹೋಗು, ಇಲ್ಲಿಗೆ ಮನೆ ಬಟ್ಟೆಯಲ್ಲಿ ಬಾ ಅಂದೆ. ಅವನಿಗೆ ಅರ್ಥವಾಯಿತು. ದೊಡ್ಡವರಿಗೇ ಜಾಸ್ತಿ ಹೊತ್ತು ಬೇಕಾಯಿತು.

ಕಾಗೆಗೂಡು

ಸ್ವಲ್ಪ ಕಹಿ ಮಾತು. ಹತ್ತೊಂಬತ್ತು ವರ್ಷದವರು ಹದಿನಾಲ್ಕು ವರ್ಷದವರಿಗೆ ಬರೆಯುವುದನ್ನು ಕಲಿಸುವುದು ಅಂದರೇನು? ನೀವೇ ಎಷ್ಟು ಬರೆದಿದ್ದೀರಿ? ಎಷ್ಟು ಓದಿದ್ದೀರಿ? ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ 1936ರಲ್ಲಿ ಬರಹಗಾರರ ಕಮ್ಮಟ ಶುರುವಾಯಿತು. ಬರೆದದ್ದನ್ನು ಎಲ್ಲರ ಎದುರು ಇಟ್ಟು ಬಿಡಿಸಿ ನೋಡುವ ಪದ್ಧತಿಗೆ ಹೆಸರಾಯಿತು. ಬರೆದವರಿಗೆ ಕಷ್ಟವಾಗುತ್ತದೆ, ಆದರೆ ಎಲ್ಲಿ ಜಾರಿತು ಅಂತ ಗೊತ್ತಾಗುತ್ತದೆ.

ಕೋಳಿ ಬರಹ ನನಗೂ ಇಷ್ಟವಾಯಿತು. ಆದರೆ ಚಪ್ಪಾಳೆ ಹೊಡೆದು ಮನೆಗೆ ಕಳಿಸಿದರೆ ಆ ಹುಡುಗ ಎರಡನೆಯದನ್ನು ಹೇಗೆ ಬರೆಯುತ್ತಾನೆ? ಒಂದು ಸಲ ಚೆನ್ನಾಗಿ ಬರೆಯುವುದು ಅದೃಷ್ಟ ಇರಬಹುದು. ಎರಡನೇ ಸಲ ಬರೆಯುವುದಕ್ಕೆ ಕೆಲಸ ಗೊತ್ತಿರಬೇಕು.

ಸಣ್ಣಕ್ಷರ

ಕಾಗೆಗೂಡು ಅವರೇ, ಅಯೋವಾಕ್ಕೆ ಹೋಗುವವರು ಬರಹಗಾರರಾಗಲೇಬೇಕು ಅಂತ ಹೊರಟ ದೊಡ್ಡವರು. ಶನಿವಾರ ಮಧ್ಯಾಹ್ನ ಆಟ ಬಿಟ್ಟು ಬಂದು ಕೂತ ಹುಡುಗರಲ್ಲ. ಹದಿನಾಲ್ಕು ವರ್ಷದವಳ ಮೊದಲ ಕಥೆಯನ್ನು ಎಲ್ಲರ ಎದುರು ಬಿಡಿಸಿದರೆ ಮುಂದಿನ ವಾರ ಅವಳು ಬರುವುದಿಲ್ಲ, ಅಷ್ಟೇ.

ಮಧ್ಯದ ದಾರಿ ಒಂದಿದೆ. ಲಿಜ್ ಲರ್ಮನ್ ಅನ್ನುವ ನೃತ್ಯ ಸಂಯೋಜಕಿ 1990ರ ಹೊತ್ತಿಗೆ ರೂಪಿಸಿದ ಪದ್ಧತಿ. ನೃತ್ಯದವರದ್ದಾದರೂ ಬರಹಕ್ಕೂ ಒಗ್ಗುತ್ತದೆ. ಮೊದಲು ಕೇಳಿದವರು ತಮಗೆ ಮನಸ್ಸಿನಲ್ಲಿ ಉಳಿದದ್ದು ಏನು ಅಂತ ಹೇಳುತ್ತಾರೆ. ಆಮೇಲೆ ಬರೆದವರೇ ತಮಗೆ ಅನುಮಾನ ಇರುವುದನ್ನು ಕೇಳುತ್ತಾರೆ. ಮೂರನೆಯದಾಗಿ ಕೇಳಿದವರು ಪ್ರಶ್ನೆ ಹಾಕಬಹುದು, ಆದರೆ ಪ್ರಶ್ನೆಯೊಳಗೆ ತೀರ್ಪು ಇರಬಾರದು. "ಇಷ್ಟು ಉದ್ದ ಯಾಕೆ ಮಾಡಿದೆ?" ಅಲ್ಲ, "ಇದರಲ್ಲಿ ನಿನಗೆ ಮುಖ್ಯವಾದ ಜಾಗ ಯಾವುದು?" ಅಭಿಪ್ರಾಯ ಕೊನೆಗೆ, ಅದೂ "ಹೇಳಲಾ?" ಅಂತ ಕೇಳಿ. ಬೇಡ ಅಂದರೆ ಬೇಡ. ಮಕ್ಕಳು ಇದನ್ನು ಬೇಗ ಹಿಡಿಯುತ್ತಾರೆ. ಮೂರನೇ ಹಂತದಲ್ಲಿ ತಪ್ಪುವವರು ಕಾಲೇಜಿನವರೇ!

ಕೊನೇ ಬಸ್ಸು

ನಾನು ಆ ಕಡೆ ಕೂತಿದ್ದವಳು. ಅಂದರೆ ಹಳ್ಳಿ ಹೈಸ್ಕೂಲಿನ ಬೆಂಚಿನ ಮೇಲೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಶಾಲೆಗೂ ಒಂದು ಕಾಲೇಜಿನ ಅಣ್ಣ-ಅಕ್ಕಂದಿರು ಬಂದಿದ್ದರು. ಒಳ್ಳೆಯವರೇ. ಒಂದೇ ಬಣ್ಣದ ಟೀ ಶರ್ಟು, ಆಟ, ಹಾಡು. ಆಮೇಲೆ "ನಿಮ್ಮ ಮನಸ್ಸಿನಲ್ಲಿರುವುದನ್ನು ಬರೆಯಿರಿ" ಅಂದರು. ನನ್ನ ಗೆಳತಿ ದೆವ್ವದ ಕಥೆ ಬರೆದಳು. ಬಾವಿಯಲ್ಲಿದ್ದ ದೆವ್ವಕ್ಕೆ ಈಜು ಬರುವುದಿಲ್ಲ, ಅದಕ್ಕೇ ಅದು ಹೊರಗೆ ಬರಲಾಗದೆ ಕೂತಿದೆ, ದಿನಾ ನೀರು ಸೇದುವವರ ಹತ್ತಿರ ಹಗ್ಗ ಕೇಳುತ್ತದೆ. ಕ್ಲಾಸೆಲ್ಲ ಬಿದ್ದು ಬಿದ್ದು ನಕ್ಕಿತು. ಅಕ್ಕ "ಗುಡ್" ಅಂದು ಹಾಳೆ ಕೆಳಗಿಟ್ಟಳು. ಆಮೇಲೆ ಒಬ್ಬ ಹುಡುಗ ಅಪ್ಪನ ಕುಡಿತದ ಬಗ್ಗೆ ಬರೆದದ್ದನ್ನು ಓದಿದ. ಅಕ್ಕನ ಕಣ್ಣಲ್ಲಿ ನೀರು. ಎಲ್ಲರೂ ಎದ್ದು ಚಪ್ಪಾಳೆ. ಫೋಟೋ.

ಮುಂದಿನ ವಾರ ಇನ್ನೂ ಮೂರು ಅಪ್ಪಂದಿರು ಕುಡಿಯಲು ಶುರು ಮಾಡಿದ್ದರು, ಹಾಳೆಯ ಮೇಲೆ. ಅದರಲ್ಲಿ ಒಬ್ಬರು ಬೀಡಿಯನ್ನೂ ಮುಟ್ಟದವರು ಅಂತ ಇಡೀ ಊರಿಗೆ ಗೊತ್ತು.

ಹಳ್ಳಿ ಮಕ್ಕಳು ದಡ್ಡರಲ್ಲ. ಎದುರಿಗಿರುವವರಿಗೆ ಏನು ಬೇಕು ಅಂತ ಐದು ನಿಮಿಷದಲ್ಲಿ ಲೆಕ್ಕ ಹಾಕುತ್ತಾರೆ. ಮೇಷ್ಟ್ರಿಗೆ ಉಪಸಂಹಾರ ಬೇಕು, ಕಾಲೇಜಿನವರಿಗೆ ಕಷ್ಟ ಬೇಕು. ಎರಡೂ ಪರೀಕ್ಷೆಯೇ. ಅರ್ಧವಿರಾಮ ಅವರೇ, ನಿಮ್ಮ ಮಕ್ಕಳು ಈಗ ಮಳೆಯ ಉಪಯೋಗ ಬರೆಯುತ್ತಿದ್ದಾರೆ ಅಂದರೆ ನಿಮಗೆ ಏನು ಬೇಕು ಅಂತ ಅವರಿಗಿನ್ನೂ ಗೊತ್ತಾಗಿಲ್ಲ ಅಷ್ಟೇ. ಗೊತ್ತಾದ ದಿನ ಅದನ್ನೇ ಕೊಡುತ್ತಾರೆ. ಅದು ಇನ್ನೂ ದೊಡ್ಡ ತಲೆನೋವು.

ಒಂದು ಸಾಲು

ಈಜು ಬರದ ದೆವ್ವದ ಕಥೆ ಪೂರ್ತಿ ಬೇಕು.

ಕೊನೇ ಬಸ್ಸು

ಕೊನೆಗೆ ಯಾರೋ ಹಗ್ಗ ಕೊಡುತ್ತಾರೆ. ಅದು ಮೇಲೆ ಬಂದು "ಇಲ್ಲಿ ಬಿಸಿಲು ಜಾಸ್ತಿ" ಅಂತ ವಾಪಸ್ ಬಾವಿಗೆ ಹಾರುತ್ತದೆ.

ಕಾಗೆಗೂಡು

ಆ ಗೆಳತಿ ಈಗಲೂ ಬರೆಯುತ್ತಾರಾ?

ಕೊನೇ ಬಸ್ಸು

ಇಲ್ಲ. ಅಂಗನವಾಡಿಯಲ್ಲಿ ಕೆಲಸ. ಅಲ್ಲಿನ ಮಕ್ಕಳಿಗೆ ಕಥೆ ಹೇಳುತ್ತಾಳೆ, ಬರೆಯುವುದಿಲ್ಲ. ಅದನ್ನು ನಷ್ಟ ಅನ್ನಬೇಡಿ, ನನಗೆ ಸಿಟ್ಟು ಬರುತ್ತದೆ.

ಶಾಯಿ ಸೋರಿತು

ಕೊನೇ ಬಸ್ಸು ಹೇಳಿದ್ದೇ ಮುಖ್ಯ. ವಿಷಯ ಬದಲಾಯಿಸಿದರೆ ಸಾಲದು, ಓದುವವರನ್ನು ಬದಲಾಯಿಸಬೇಕು. ಇದಕ್ಕೆ ಹಳೆಯ ಎರಡು ಉದಾಹರಣೆ ಇವೆ, ಎರಡೂ ಹಳ್ಳಿ ಶಾಲೆಗಳದ್ದೇ.

ಒಂದು, ದಕ್ಷಿಣ ಫ್ರಾನ್ಸಿನ ಬಾರ್-ಸುರ್-ಲೂ. 1920ರ ದಶಕದಲ್ಲಿ ಸೆಲೆಸ್ತಾಂ ಫ್ರೆನೆ ಅಲ್ಲಿ ಮೇಷ್ಟ್ರು. ಮೊದಲ ಮಹಾಯುದ್ಧದಲ್ಲಿ ಎದೆಗೆ ಗಾಯವಾಗಿ ಶ್ವಾಸಕೋಶ ಹಾಳಾಗಿತ್ತು, ಹೆಚ್ಚು ಹೊತ್ತು ನಿಂತು ಪಾಠ ಮಾಡಲಾಗುತ್ತಿರಲಿಲ್ಲ. ಅವರು ತರಗತಿಗೆ ಒಂದು ಸಣ್ಣ ಮುದ್ರಣ ಯಂತ್ರ ತಂದರು. ಮಕ್ಕಳು ತಮಗೆ ಬೇಕಾದದ್ದನ್ನು ಬರೆದು, ತಾವೇ ಅಕ್ಷರದ ಅಚ್ಚುಮೊಳೆ ಜೋಡಿಸಿ ಮುದ್ರಿಸಿದರು. ಆ ಹಾಳೆಗಳು ಫ್ರಾನ್ಸಿನದೇ ಇನ್ನೊಂದು ತುದಿಯ ಬ್ರಿಟನಿ ಸೀಮೆಯ ಒಂದು ಶಾಲೆಗೆ ಅಂಚೆಯಲ್ಲಿ ಹೋಗುತ್ತಿದ್ದವು, ಅಲ್ಲಿಂದ ಅವರ ಹಾಳೆಗಳು ಇಲ್ಲಿಗೆ. ಎಷ್ಟು ಸರಳ ನೋಡಿ. ದೂರದ ಮಗುವಿಗೆ ನಿಮ್ಮೂರು ಗೊತ್ತಿಲ್ಲ. ಅದಕ್ಕೆ ಉಪದೇಶ ಬೇಕಿಲ್ಲ, ಕಣ್ಣೀರೂ ಬೇಕಿಲ್ಲ. ನಿಮ್ಮಲ್ಲಿ ಏನು ನಡೆಯುತ್ತಿದೆ ಅಂತ ಬಿಡಿಸಿ ಹೇಳಬೇಕು, ಅಷ್ಟೇ.

ಎರಡು, ಇಟಲಿಯ ಬಾರ್ಬಿಯಾನಾ. ಬೆಟ್ಟದ ಮೇಲಿನ ಬಡ ಊರು. ಲೊರೆಂಜೊ ಮಿಲಾನಿ ಅನ್ನುವ ಪಾದ್ರಿ, ಶಾಲೆಯಲ್ಲಿ ಫೇಲಾಗಿ ಹೊರಬಿದ್ದ ಹುಡುಗರಿಗೆ ಪಾಠ ಹೇಳುತ್ತಿದ್ದರು. 1967ರಲ್ಲಿ ಅಲ್ಲಿನ ಎಂಟು ಹುಡುಗರು ಸೇರಿ, ತಮ್ಮಂಥವರನ್ನು ಫೇಲು ಮಾಡುವ ಶಿಕ್ಷಕಿಗೆ ಪತ್ರ ಬರೆದ ಹಾಗೆ ಒಂದು ಇಡೀ ಪುಸ್ತಕ ಬರೆದರು. ಬರೆದ ರೀತಿ ಕೇಳಿ. ಒಂದು ಯೋಚನೆಗೆ ಒಂದು ಹಾಳೆ, ಅದೂ ಒಂದೇ ಮಗ್ಗುಲಲ್ಲಿ. ಎಲ್ಲ ಹಾಳೆಗಳನ್ನೂ ದೊಡ್ಡ ಮೇಜಿನ ಮೇಲೆ ಹರಡಿ ಗುಂಪು ಮಾಡುವುದು. ಗುಂಪುಗಳು ಅಧ್ಯಾಯವಾಗುತ್ತವೆ. ಆಮೇಲೆ ಕತ್ತರಿ, ಗೋಂದು. ಆಮೇಲೆ ಪೈಪೋಟಿ: ಹೆಚ್ಚಾದ ಪದ, ಹೇಳಿದ್ದನ್ನೇ ಹೇಳಿದ್ದು, ಸುಳ್ಳು, ಕಷ್ಟದ ಮಾತು, ಉದ್ದದ ವಾಕ್ಯ, ಇವನ್ನು ಯಾರು ಮೊದಲು ಹಿಡಿಯುತ್ತಾರೆ ಅಂತ. ಕೊನೆಗೆ ಹೊರಗಿನವರನ್ನು ಒಬ್ಬೊಬ್ಬರಾಗಿ ಕರೆದು ಓದಿ ಹೇಳುವುದು. ಹೆಚ್ಚು ಓದಿರದವರಾದರೆ ಇನ್ನೂ ಒಳ್ಳೆಯದು. ಅವರಿಗೆ ಅರ್ಥವಾಗದಿದ್ದರೆ ತಿದ್ದುವುದು ಬರೆದವರ ಕೆಲಸ.

ಸಣ್ಣಕ್ಷರ

ಸುಳ್ಳು ಹಿಡಿಯುವ ಪೈಪೋಟಿ! ಆ ಬೀಡಿ ಮುಟ್ಟದ ಅಪ್ಪ ಅಲ್ಲಾಗಿದ್ದರೆ ಬಚಾವಾಗುತ್ತಿದ್ದರು.

ಕಾಗೆಗೂಡು

ನೋಡಿ, ನನ್ನ ಮಾತಿಗೇ ಬಂದಿರಿ. ಬಾರ್ಬಿಯಾನಾದಲ್ಲಿ ಮಾಡಿದ್ದು ತಿದ್ದುವ ಕೆಲಸವೇ, ಅದೂ ನಿಷ್ಠುರವಾಗಿ. ಇನ್ನೊಂದನ್ನು ನೀವು ಹೇಳಲಿಲ್ಲ. ಆ ಶಾಲೆ ದಿನಕ್ಕೆ ಹನ್ನೆರಡು ಗಂಟೆ, ವರ್ಷಪೂರ್ತಿ ನಡೆಯುತ್ತಿತ್ತು, ಭಾನುವಾರವೂ ಸೇರಿ. ಶನಿವಾರದ ಎರಡು ಗಂಟೆಯಲ್ಲಿ ಅದನ್ನು ಮಾಡುತ್ತೇವೆ ಅಂದರೆ ನಾನು ನಂಬುವುದಿಲ್ಲ.

ಶಾಯಿ ಸೋರಿತು

ಪೂರ್ತಿ ಆಗುವುದಿಲ್ಲ, ಸರಿ. ಆದರೆ ಒಂದೇ ಮಗ್ಗುಲಲ್ಲಿ ಬರೆದು ಕತ್ತರಿಸುವುದಕ್ಕೆ ಹನ್ನೆರಡು ಗಂಟೆ ಬೇಡ. ಇನ್ನೊಂದು ವ್ಯತ್ಯಾಸ ಗಮನಿಸಿ. ಅಲ್ಲಿ ತಿದ್ದಿದ್ದು ಎಲ್ಲರೂ ಸೇರಿ ಬರೆದದ್ದನ್ನು. ಯಾರೊಬ್ಬರ ಹಾಳೆಯೂ ಅಲ್ಲ, ಹಾಗಾಗಿ ಯಾರಿಗೂ ನೋವಾಗುವುದಿಲ್ಲ. ಮೊದಲು ತಂಡದ ಬರಹವನ್ನು ಕತ್ತರಿಸಲು ಕಲಿತವರು ಆಮೇಲೆ ತಮ್ಮದನ್ನೂ ಕತ್ತರಿಸುತ್ತಾರೆ.

ಕಾಗೆಗೂಡು

ಹ್ಞೂಂ. ಈ ಮಾತು ಒಪ್ಪಬಹುದು.

ಒಂದು ಸಾಲು

ಕಾಗೆಗೂಡು ಒಪ್ಪಿದರು, ದಿನಾಂಕ ಬರೆದಿಟ್ಟುಕೊಳ್ಳಿ.

ಅರ್ಧವಿರಾಮ

ಇಷ್ಟು ಉತ್ತರ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಈ ಶನಿವಾರ ಮೊದಲ ಬೆಂಚು ಅವರ ಪ್ರಶ್ನೆಯನ್ನೇ ಕೇಳಿದೆವು. ಒಬ್ಬ ಪಂಪ್‌ಸೆಟ್ ಬಗ್ಗೆ ಬರೆದ. ಮನೆಯಲ್ಲಿ ಮಲಗಿಕೊಂಡೇ ಮೋಟರಿನ ಸದ್ದು ಕೇಳಿ ನೀರು ಎತ್ತುತ್ತಿದೆಯೋ, ಸುಮ್ನೆ ಗಾಳಿ ಎಳೆಯುತ್ತಿದೆಯೋ ಹೇಳುತ್ತಾನಂತೆ. ನೀರು ಬಂದಾಗ ಸದ್ದು "ದಪ್ಪ ಆಗುತ್ತದೆ" ಅಂತ ಬರೆದಿದ್ದಾನೆ. ನಮ್ಮಲ್ಲಿ ಯಾರಿಗೂ ಆ ಪದ ಹೊಳೆಯುತ್ತಿರಲಿಲ್ಲ.

ಈಗ ಬೇರೆ ಪ್ರಶ್ನೆ. ಒಬ್ಬ ಹುಡುಗಿ ಹಾಳೆಯನ್ನು ಮಡಚಿ ಮಡಚಿ ಬೆಂಕಿಪೊಟ್ಟಣಕ್ಕಿಂತ ಚಿಕ್ಕದು ಮಾಡಿ, ಹೊರಡುವಾಗ ನನ್ನ ಕೈಯಲ್ಲಿಟ್ಟು ಓಡಿದಳು. ಕೆಲಸ ಕಲಿಸುವುದರ ಬಗ್ಗೆ ಅಲ್ಲ. ಮನೆಯಲ್ಲಿ ಅವಳ ಓದು ಬಿಡಿಸುವ ಮಾತು ನಡೆದಿದೆ, ಇನ್ನೂ ಕೆಲವು ಸಂಗತಿ ಇವೆ, ಇಲ್ಲಿ ಬರೆಯುವುದಿಲ್ಲ. "ಯಾರಿಗೂ ಹೇಳಬೇಡ ಅಕ್ಕ" ಅಂತ ಮೇಲೆ ಬರೆದಿದ್ದಾಳೆ. ಏನು ಮಾಡಲಿ?

ಸುಮ್ನೆ ಓದುವವಳು

ಸಾಮಾನ್ಯವಾಗಿ ನಾನಿಲ್ಲಿ ಬರೆಯುವುದಿಲ್ಲ. ಆಪ್ತ ಸಮಾಲೋಚನೆ ನನ್ನ ಕೆಲಸ, ಅದಕ್ಕೇ ಹೇಳುತ್ತಿದ್ದೇನೆ.

ಗುಟ್ಟಾಗಿಡುತ್ತೇನೆ ಅಂತ ಮಾತು ಕೊಡಬೇಡಿ. ಕೊಟ್ಟರೆ ಉಳಿಸಿಕೊಳ್ಳಲಾಗುವುದಿಲ್ಲ. ಅವಳನ್ನು ಬೇರೆಯವರಿಗೆ ಕಾಣದ ಹಾಗೆ ಅಲ್ಲ, ಬೇರೆಯವರಿಗೆ ಕೇಳದ ಹಾಗೆ ಮಾತಾಡಿಸಿ. ಅಂದರೆ ವರಾಂಡದಲ್ಲಿ, ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿ. ಓದಿದೆ ಅಂತ ಹೇಳಿ. ನನ್ನೊಬ್ಬಳಿಂದ ಆಗುವ ಕೆಲಸವಲ್ಲ, ಈ ಶಾಲೆಯಲ್ಲಿ ನೀನು ನಂಬುವ ಒಬ್ಬರು ಯಾರು ಅಂತ ಕೇಳಿ. ಅವರಿಗೆ ಇಬ್ಬರೂ ಸೇರಿ ಹೇಳಿ. ಅವಳಿಗೆ ಅಪಾಯ ಇದೆ ಅನಿಸುವಂಥದ್ದು ಏನಾದರೂ ಇದ್ದರೆ ಅವಳ ಒಪ್ಪಿಗೆಗೆ ಕಾಯಬೇಡಿ, ಅಂದೇ ಜವಾಬ್ದಾರಿ ಇರುವ ದೊಡ್ಡವರಿಗೆ ತಿಳಿಸಿ, ತಿಳಿಸುತ್ತಿದ್ದೇನೆ ಅಂತ ಅವಳಿಗೂ ಹೇಳಿ.

ಮುಂದಿನ ಕಮ್ಮಟಗಳಿಗೆ: ಮೊದಲ ದಿನವೇ ಹೇಳಿಬಿಡಿ. ಬರೆದದ್ದನ್ನು ನಾವು ಓದುತ್ತೇವೆ, ಯಾರಿಗಾದರೂ ಪೆಟ್ಟಾಗುವ ಸಂಗತಿ ಇದ್ದರೆ ದೊಡ್ಡವರಿಗೆ ಹೇಳಬೇಕಾಗುತ್ತದೆ. ಬರೆಯುವ ಮುಂಚೆ ಗೊತ್ತಿರಲಿ.

ಮುಂಗಾರು ಪುಟ

ನೋವನ್ನು ಬರೆದರೆ ಮನಸ್ಸು ಹಗುರಾಗುತ್ತದೆ ಅಂತ ಸಂಶೋಧನೆಯೇ ಇದೆಯಲ್ಲ?

ಸುಮ್ನೆ ಓದುವವಳು

ಇದೆ. ಆದರೆ ಜನ ಅರ್ಧ ಮಾತ್ರ ಹೇಳುತ್ತಾರೆ. 1986ರಲ್ಲಿ ಅಮೆರಿಕದ ಜೇಮ್ಸ್ ಪೆನ್‌ಬೇಕರ್ ಮತ್ತು ಅವರ ವಿದ್ಯಾರ್ಥಿನಿ ಪ್ರಕಟಿಸಿದ ಪ್ರಯೋಗ ಅದು. ದಿನಕ್ಕೆ 15 ನಿಮಿಷ, ಒಟ್ಟು 4 ದಿನ, ತಮಗಾದ ದೊಡ್ಡ ಆಘಾತದ ಬಗ್ಗೆ ಬರೆಸಿದರು. ಬರೆದ ಕೂಡಲೇ ಅವರ ಮನಸ್ಸು ಕುಗ್ಗಿತು. ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋಗುವುದು ಕಡಿಮೆಯಾಯಿತು. ಆದರೆ ಅವರು ಕಾಲೇಜು ವಿದ್ಯಾರ್ಥಿಗಳು. ಒಬ್ಬರೇ ಕೂತು ಬರೆದರು, ಹೆಸರು ಹಾಕಲಿಲ್ಲ, ಯಾರೆದುರೂ ಓದಲಿಲ್ಲ. ಊರವರೇ ಆದ ಸಹಪಾಠಿಗಳ ಎದುರು ಹದಿನಾಲ್ಕರ ಹುಡುಗಿ ಗಟ್ಟಿಯಾಗಿ ಓದುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಹಳ್ಳಿಯಲ್ಲಿ ಸಂಜೆಯೊಳಗೆ ಅದು ಮನೆ ಮುಟ್ಟುತ್ತದೆ.

ಹಳೇ ಮೇಷ್ಟ್ರು

ಸಮಾಲೋಚಕಿ ಅಮ್ಮ ಹೇಳಿದ್ದು ನೂರಕ್ಕೆ ನೂರು ಸರಿ. ಒಂದು ಮಾತು ಸೇರಿಸುತ್ತೇನೆ. ಅರ್ಧವಿರಾಮ, ನೀನು ಉತ್ಸಾಹದಲ್ಲಿ ನೆಟ್ಟಗೆ ಅವಳ ಮನೆಗೆ ಹೋಗಿ ಅಪ್ಪ-ಅಮ್ಮನಿಗೆ ಬುದ್ಧಿ ಹೇಳಬೇಡಮ್ಮ. ನೀನು ಬಸ್ಸು ಹತ್ತಿದ ಮೇಲೆ ಅಲ್ಲಿ ಇರುವವಳು ಅವಳು. ಓದು ಬಿಡಿಸುವ ಮಾತನ್ನು ನಿಲ್ಲಿಸುವುದು ಶಾಲೆಯವರಿಂದ ಆಗುತ್ತದೆ. ಎಷ್ಟೋ ಸಲ ಆಗಿದೆ.

ಅರ್ಧವಿರಾಮ

ಸರಿ ಸಾರ್. ಅವಳು ವಿಜ್ಞಾನದ ಮೇಡಂ ಹೆಸರು ಹೇಳುತ್ತಾಳೆ ಅಂತ ನನಗೆ ಈಗಲೇ ಗೊತ್ತು. ಆದರೂ ಅವಳ ಬಾಯಿಂದಲೇ ಬರಲಿ.

ಮುಂಗಾರು ಪುಟ

ಹಾಗಾದರೆ ತಮ್ಮ ಬಗ್ಗೆ ಬರೆಸುವುದನ್ನೇ ಸ್ವಲ್ಪ ಬದಿಗಿಟ್ಟರೆ? ಅಮೆರಿಕದ ಜಾರ್ಜಿಯಾ ರಾಜ್ಯದ ಬೆಟ್ಟಸೀಮೆಯಲ್ಲಿ 1966ರಲ್ಲಿ ಹೈಸ್ಕೂಲು ಮಕ್ಕಳು ಫಾಕ್ಸ್‌ಫೈರ್ ಅನ್ನುವ ಪತ್ರಿಕೆ ಶುರು ಮಾಡಿದರು. ಇಂಗ್ಲಿಷ್ ತರಗತಿಯಲ್ಲಿ ಬೇಸತ್ತು ಕೂತಿದ್ದ ಮಕ್ಕಳೇ. ಟೇಪ್ ರೆಕಾರ್ಡರ್ ಹಿಡಿದು ಅಜ್ಜ-ಅಜ್ಜಿಯರ ಮನೆಗೆ ಹೋದರು. ಮರದ ದಿಮ್ಮಿಯ ಮನೆ ಕಟ್ಟುವುದು, ಸೋಪು ಮಾಡುವುದು, ಬೇಟೆ, ನಾಟಿ ಮದ್ದು, ಎಲ್ಲ ಕೇಳಿ ಅವರ ಮಾತಲ್ಲೇ ಬರೆದರು. 1972ರಲ್ಲಿ ಆ ಬರಹಗಳು ಪುಸ್ತಕವಾಗಿ ಬಂದು ಭಾರಿ ಮಾರಾಟವಾದವು. ಬೇರೆಯವರ ಮಾತು ಕೇಳಿ ಬರೆಯುವಾಗ ಕಿವಿ ಚುರುಕಾಗುತ್ತದೆ, ಸಂಭಾಷಣೆ ತಾನಾಗೇ ಬರುತ್ತದೆ, ಸ್ವಂತ ಗುಟ್ಟು ಹೊರಗೆ ಹಾಕಬೇಕಾಗಿಲ್ಲ.

ಸುಮ್ನೆ ಓದುವವಳು

ಒಳ್ಳೆಯ ಪ್ರಯೋಗ, ಒಪ್ಪುತ್ತೇನೆ. ಆದರೆ ಅದರ ಕಥೆಯನ್ನು ಪೂರ್ತಿ ಹೇಳಬೇಕು. ಅದನ್ನು ಶುರು ಮಾಡಿಸಿದ ಶಿಕ್ಷಕ 1992ರಲ್ಲಿ ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯದ ಪ್ರಕರಣದಲ್ಲಿ ತಪ್ಪೊಪ್ಪಿಕೊಂಡು ಜೈಲಿಗೆ ಹೋದ. ಸಂಸ್ಥೆ ಅವನನ್ನು ಬಿಟ್ಟು ಮುಂದೆ ನಡೆಯಿತು.

ಇದನ್ನು ಹೇಳಿದ್ದು ಯಾಕೆಂದರೆ, "ನಾವು ಒಳ್ಳೆಯ ಕೆಲಸಕ್ಕೆ ಬಂದವರು" ಅನ್ನುವುದು ಯಾವ ಮಗುವಿಗೂ ರಕ್ಷಣೆ ಅಲ್ಲ. ಒಬ್ಬ ಸ್ವಯಂಸೇವಕ, ಒಂದು ಮಗು, ಮುಚ್ಚಿದ ಬಾಗಿಲು, ಇದು ಯಾವತ್ತೂ ಬೇಡ. ಮಕ್ಕಳ ಫೋನ್ ನಂಬರಿಗೆ ರಾತ್ರಿ ಮೆಸೇಜು ಮಾಡಿ "ಕವಿತೆ ಓದಿದೆ" ಅನ್ನುವುದೂ ಬೇಡ. ಹೇಳಬೇಕಾದದ್ದನ್ನು ಶನಿವಾರ ಹೇಳಿ.

ಗಡಿಬಿಡಿ

ವಿಷಯ ಸ್ವಲ್ಪ ಬೇರೆ. ನಮ್ಮ ಕಮ್ಮಟದಲ್ಲಿ ಮನೆಯಿಂದ ಬರೆದು ತನ್ನಿ ಅಂದರೆ ಹುಡುಗರು ಮೊಬೈಲಿನಲ್ಲಿ ಎಐ ಕೈಲಿ ಕವಿತೆ ಬರೆಸಿಕೊಂಡು ಬರುತ್ತಾರೆ. ಎಲ್ಲದರಲ್ಲೂ ಬೆಳದಿಂಗಳು, ಎಲ್ಲದರಲ್ಲೂ ಮೌನ. ಒಬ್ಬನಂತೂ ಕೊನೆಯಲ್ಲಿದ್ದ "ಇನ್ನೂ ಚಿಕ್ಕದಾಗಿ ಬೇಕಾದರೆ ತಿಳಿಸಿ" ಅನ್ನುವುದನ್ನೂ ಸೇರಿಸಿ ಬರೆದುಕೊಂಡು ಬಂದಿದ್ದ!

ಒಂದು ಸಾಲು

ಅದೇ ಆ ಕವಿತೆಯ ಒಳ್ಳೆಯ ಸಾಲು.

ಮೊದಲ ಬೆಂಚು

ಮನೆಗೆ ಕೊಡಬೇಡಿ ಗಡಿಬಿಡಿ. ಎಐಗಾಗಿ ಅಲ್ಲ, ಮನೆಯಲ್ಲಿ ಅವರಿಗೆ ಹೊತ್ತೆಲ್ಲಿದೆ? ದನ, ನೀರು, ತಮ್ಮ-ತಂಗಿ. ಕೂತಲ್ಲೇ ಬರೆಸಿ. ಹಾಳೆ ಮಡಚುವ ಆಟ ಗೊತ್ತಾ? ಒಬ್ಬರು ಬರೆದು, ಕೊನೆಯ ಪದ ಮಾತ್ರ ಕಾಣುವ ಹಾಗೆ ಮಡಚಿ ಪಕ್ಕದವರಿಗೆ ಕೊಡುವುದು. 1925ರ ಸುಮಾರಿಗೆ ಪ್ಯಾರಿಸ್ಸಿನ ಸರ್ರಿಯಲಿಸ್ಟ್ ಕವಿಗಳು, ಅಂದರೆ ಕನಸಿನ ಹಾಗೆ ತರ್ಕ ಬಿಟ್ಟು ಬರೆಯುವವರು, ಇಂಥ ಆಟ ಆಡುತ್ತಿದ್ದರು. ಇದನ್ನು ಯಾವ ಮೊಬೈಲಿಗೂ ಒಪ್ಪಿಸಲಾಗುವುದಿಲ್ಲ, ಯಾಕೆಂದರೆ ಮೇಲೆ ಏನಿದೆ ಅಂತ ಯಾರಿಗೂ ಗೊತ್ತಿಲ್ಲ.

ಸಣ್ಣಕ್ಷರ

ನಾಚಿಕೆ ಮಕ್ಕಳಿಗೆ ಇದಕ್ಕಿಂತ ಸುಲಭದ್ದು ಒಂದಿದೆ. ಕೆನೆತ್ ಕೋಕ್ ಅನ್ನುವ ಕವಿ 1968ರಲ್ಲಿ ನ್ಯೂಯಾರ್ಕಿನ ಪ್ರಾಥಮಿಕ ಶಾಲೆಯಲ್ಲಿ ಮಾಡಿದ್ದು. ಪ್ರತಿ ಮಗುವೂ "ನನಗೆ ಆಸೆ" ಅಂತ ಶುರುವಾಗುವ ಒಂದೇ ಸಾಲು ಬರೆಯಬೇಕು. ಅದರಲ್ಲಿ ಒಂದು ಬಣ್ಣ ಇರಬೇಕು, ಒಂದು ಊರು ಇರಬೇಕು, ಹೀಗೆ. ಹೆಸರು ಬೇಡ. ಎಲ್ಲವನ್ನೂ ಕಲೆಸಿ ಒಂದೇ ಕವಿತೆಯ ಹಾಗೆ ಗಟ್ಟಿಯಾಗಿ ಓದುವುದು. ತಮ್ಮ ಸಾಲು ಬಂದಾಗ ಮಕ್ಕಳ ಮುಖ ನೋಡಬೇಕು ನೀವು. ಯಾರದ್ದು ಅಂತ ಹೇಳದಿದ್ದರೂ ಕಿವಿ ಕೆಂಪಾಗುತ್ತದೆ.

ಗಡಿಬಿಡಿ

ಊರ ಮಾತಲ್ಲಿ ಬರೆದರೆ ತಿದ್ದಬೇಕಾ?

ಹಳೇ ಮೇಷ್ಟ್ರು

ಕಾಗುಣಿತ ತಿದ್ದಿ. ಮಾತು ತಿದ್ದಬೇಡಿ. ಪಾತ್ರ ಅಜ್ಜಿಯಾಗಿದ್ದರೆ ಅಜ್ಜಿಯ ಹಾಗೇ ಮಾತಾಡಲಿ.

ಕೊನೇ ಬಸ್ಸು

ಮೇಷ್ಟ್ರೇ, ಕಾಗುಣಿತವನ್ನೂ ಮೊದಲ ದಿನ ಬಿಡಿ. ಕೆಂಪು ಶಾಯಿ ಕಂಡರೆ ಮಕ್ಕಳು ತಮಗೆ ಬರೆಯಲು ಬರುವ ಪದಗಳನ್ನು ಮಾತ್ರ ಬಳಸುತ್ತಾರೆ. ಒತ್ತಕ್ಷರ ಕಷ್ಟ ಅಂತ ಬೇಕಾದ ಪದ ಬಿಟ್ಟು ಬೇರೆಯದನ್ನು ಹಾಕುತ್ತಾರೆ. ನಾನೇ ಹಾಗೆ ಮಾಡುತ್ತಿದ್ದೆ.

ಹಳೇ ಮೇಷ್ಟ್ರು

ಬಿಟ್ಟರೆ ಯಾವಾಗ ತಿದ್ದುವುದು? ತಪ್ಪು ಹಾಗೇ ಗಟ್ಟಿಯಾಗುತ್ತದೆ. ಇದನ್ನು ನಾನು ಒಪ್ಪುವುದಿಲ್ಲ.

ಕೊನೇ ಬಸ್ಸು

ಅಚ್ಚಿಗೆ ಕೊಡುವ ಮುಂಚೆ. ಆಗ ಮಕ್ಕಳೇ ಬಂದು "ಇದು ಸರಿ ಇದೆಯಾ ಅಕ್ಕ" ಅಂತ ಕೇಳುತ್ತಾರೆ. ಹತ್ತು ಜನ ಓದುತ್ತಾರೆ ಅಂದಾಗ ಕಾಗುಣಿತದ ಮೇಲೆ ಪ್ರೀತಿ ಬರುತ್ತದೆ.

ಕಾಗೆಗೂಡು

ಅಚ್ಚಿನ ಮಾತು ಬಂತಲ್ಲ, ಪುಸ್ತಿಕೆ ಬಗ್ಗೆ ಹೇಳಿಬಿಡುತ್ತೇನೆ. ಇಂಥ ಪುಸ್ತಿಕೆಗಳನ್ನು ನೋಡಿದ್ದೇನೆ. ಮೊದಲ ಪುಟಗಳಲ್ಲಿ ಸಂದೇಶ, ಶುಭ ಹಾರೈಕೆ, ಗಣ್ಯರ ಫೋಟೋ. ಆಮೇಲೆ ಕಾಲೇಜಿನವರ "ನಮ್ಮ ಅನುಭವ". ಮಕ್ಕಳ ಬರಹ ಚಿಕ್ಕ ಅಕ್ಷರದಲ್ಲಿ, ಅದೂ ಕಾಲೇಜಿನವರು ತಿದ್ದಿ ತಿದ್ದಿ ಎಲ್ಲವೂ ಒಬ್ಬರೇ ಬರೆದ ಹಾಗೆ. ಪಂಪ್‌ಸೆಟ್ ಹುಡುಗನ "ದಪ್ಪ" ಸದ್ದನ್ನು ಯಾರಾದರೂ "ಗಂಭೀರ" ಮಾಡಿದರೆ ನಾನೇ ಬಂದು ಜಗಳ ಆಡುತ್ತೇನೆ.

ಕೊನೇ ಬಸ್ಸು

ಇದಕ್ಕೆ ಕೈ ಎತ್ತಿದೆ! ಇನ್ನೂ ಒಂದು. ಯಾವ ಬರಹ ಹೋಗಬೇಕು ಅಂತ ಮಕ್ಕಳೇ ಆರಿಸಲಿ. ಹೆಸರು ಬೇಡ ಅಂದವರಿಗೆ ಬೇರೆ ಹೆಸರು. ಇವತ್ತು ಹ್ಞೂಂ ಅಂದವರು ನಾಳೆ ಬೇಡ ಅನ್ನಬಹುದು, ಅಚ್ಚಾಗುವವರೆಗೆ ಆ ದಾರಿ ತೆರೆದಿರಲಿ. ಮೂಲ ಹಾಳೆ ಮಕ್ಕಳ ಕೈಗೆ ವಾಪಸ್ ಕೊಡಿ. ನನ್ನದು ಇವತ್ತಿಗೂ ಯಾವುದೋ ಕಾಲೇಜಿನ ಯಾವುದೋ ಕಪಾಟಿನಲ್ಲಿದೆ. ವೇದಿಕೆ ಕಾರ್ಯಕ್ರಮ ಮಾಡುವುದಾದರೆ ಬೇಗ ಮುಗಿಸಿ. ಹುಡುಗಿಯರು ಕತ್ತಲಾಗುವ ಮುಂಚೆ ಮನೆ ಸೇರಬೇಕು, ಇಲ್ಲದಿದ್ದರೆ ಮುಂದಿನ ಸಲ ಕಳಿಸುವುದಿಲ್ಲ.

ಶಾಯಿ ಸೋರಿತು

ನಿಮ್ಮ ಸೆಮಿಸ್ಟರ್ ಮುಗಿದ ಮೇಲೆ ಏನು, ಅರ್ಧವಿರಾಮ? ಯಾವಾಗ ನಿಲ್ಲಿಸುತ್ತೀರಿ ಅಂತ ಮಕ್ಕಳಿಗೆ ಮೊದಲೇ ಹೇಳಿದ್ದೀರಾ?

ಅರ್ಧವಿರಾಮ

ಪರೀಕ್ಷೆ ಶುರುವಾಗುವವರೆಗೆ ಅಂತ ಹೇಳಿದ್ದೇವೆ. ಅವರದ್ದೂ ನಮ್ಮದೂ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತದೆ. ಪುಸ್ತಿಕೆ ಒಂದೇ ಸಲ ಮುಗಿದುಹೋಗುತ್ತದೆ, ಅದಕ್ಕೇ ಭಿತ್ತಿಪತ್ರಿಕೆ ಮಾಡಿಸಿದರೆ ಹೇಗೆ ಅಂತ ತಂಡದಲ್ಲಿ ಮಾತಾಯಿತು. ಸಂಪಾದಕರು ಒಂಬತ್ತನೇ ತರಗತಿಯವರೇ, ನಾವು ಹೋದ ಮೇಲೂ ನಡೆಯಲಿ ಅಂತ. ಶಾಲೆಯವರು ಗಾಜಿನ ಬಾಗಿಲಿನ ನೋಟಿಸ್ ಬೋರ್ಡ್ ಕೊಡುತ್ತೇವೆ ಅಂದಿದ್ದಾರೆ.

ಮೊದಲ ಬೆಂಚು

ಗಾಜು ಬೇಡ! ಗಾಜಿಗೆ ಬೀಗ ಇರುತ್ತದೆ, ಕೀಲಿ ಆಫೀಸಿನಲ್ಲಿರುತ್ತದೆ, ಕೀಲಿ ಇಟ್ಟುಕೊಂಡವರು ರಜೆಯಲ್ಲಿರುತ್ತಾರೆ. ಎರಡು ತಿಂಗಳು ಅದೇ ಸಂಚಿಕೆ.

ಹಳೇ ಮೇಷ್ಟ್ರು

ಬೀಗ ಬೇಡ ಅನ್ನುವುದು ಸರಿ. ದಪ್ಪ ರಟ್ಟು, ಗುಂಡುಪಿನ್ನು ಸಾಕು. ಆದರೆ ಹೊರಗೋಡೆಗೆ ಹಾಕಬೇಡಿ, ಎರಚಲು ಹೊಡೆದರೆ ಶಾಯಿ ಇಳಿಯುತ್ತದೆ. ವರಾಂಡದ ಒಳಗೋಡೆ, ಏಳನೇ ತರಗತಿಯವರ ಕಣ್ಣಿನ ಎತ್ತರಕ್ಕೆ. ಮುಂದಿನ ವರ್ಷ ಬರೆಯಬೇಕಾದವರು ಅವರು.